ಸೋಪು ಅದೇ, ಎಣ್ಣೆ ಅದೇ. ಲೇಬಲ್ ಮೇಲಿನ ನಾಲ್ಕು ಮಾತಿಗೆ ಅದು ಔಷಧ ಆಗಿಬಿಡುತ್ತಾ?

ಬೇವಿನಮರ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ದಾರಿ ಹೇಳಿ.

ನಾಲ್ಕು ವರ್ಷದಿಂದ ಮನೆಯಲ್ಲೇ ಸೋಪು ಮಾಡುತ್ತಿದ್ದೇನೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬೇವಿನ ಎಣ್ಣೆ, ಊರಿಂದ ಬರುವ ಅರಿಶಿನ. ಅಚ್ಚಿಗೆ ಹೊಯ್ದು, ಮರುದಿನ ಕತ್ತರಿಸಿ, ಬಟ್ಟೆ ಹಾಸಿದ ಕಪಾಟಿನಲ್ಲಿ ಆರು ವಾರ ಒಣಗಿಸುತ್ತೇನೆ. ಮೊದಲು ನಮ್ಮ ಬಿಲ್ಡಿಂಗ್‌ನವರು ತಗೊಳ್ಳುತ್ತಿದ್ದರು. ಆಮೇಲೆ ಗಣಪತಿ, ದೀಪಾವಳಿಗೆ ಗಿಫ್ಟ್ ಆರ್ಡರ್ ಬಂತು. ಹೋದ ವರ್ಷ ಆನ್‌ಲೈನ್ ಅಂಗಡಿಯೊಂದಕ್ಕೆ ಹಾಕಿದೆ.

ಕಳೆದ ವಾರ ಅವರು ನನ್ನ ಬೇವು-ಅರಿಶಿನ ಸೋಪನ್ನು ತೆಗೆದುಹಾಕಿದರು. 'ನಿಮ್ಮ ವಸ್ತು ರೋಗ ವಾಸಿ ಮಾಡುತ್ತದೆ ಎಂದು ಹೇಳುತ್ತಿದೆ, ಔಷಧ ತಯಾರಿಕೆಯ ಲೈಸೆನ್ಸ್ ಕಳಿಸಿ' ಅಂತ ಮೆಸೇಜ್. ನನ್ನ ಹತ್ತಿರ ಗುಮಾಸ್ತಾ (ಇಲ್ಲಿ ಅಂಗಡಿ ನೋಂದಣಿಗೆ ಹಾಗೆ ಅನ್ನುತ್ತಾರೆ) ಇದೆ, ಉದ್ಯಮ್ ನೋಂದಣಿ ಇದೆ. ಎರಡನ್ನೂ ಕಳಿಸಿದೆ. ಒಪ್ಪಲಿಲ್ಲ.

ಲೇಬಲ್ ಮೇಲೆ ಇರುವುದು ಇಷ್ಟು: 'ಬೇವು-ಅರಿಶಿನ ಔಷಧೀಯ ಸೋಪು. ಮೊಡವೆ, ಕಜ್ಜಿ, ಹುಳುಕಡ್ಡಿ, ಇಸಬಿಗೆ ರಾಮಬಾಣ. ರೋಗಾಣುಗಳನ್ನು ಕೊಲ್ಲುತ್ತದೆ. ಕೆಮಿಕಲ್ ಇಲ್ಲ. ಸೈಡ್ ಇಫೆಕ್ಟ್ ಇಲ್ಲ.'

ನನಗೆ ಸೋಪು ಕಲಿಸಿದ ಗೆಳತಿಯೂ ಇದೇ ಅಳತೆಯಲ್ಲಿ ಮಾಡುತ್ತಾಳೆ. ಅವಳದು 'ಬೇವಿನ ಸೋಪು' ಅಂತ ಮಾತ್ರ. ಅದು ಇನ್ನೂ ಅಲ್ಲೇ ಇದೆ. ಒಂದೇ ಸೋಪು, ಒಂದು ಔಷಧ, ಇನ್ನೊಂದು ಅಲ್ಲ. ಇದು ಹೇಗೆ ಅಂತ ನಿಜಕ್ಕೂ ಅರ್ಥ ಆಗುತ್ತಿಲ್ಲ. ಕಪಾಟಿನಲ್ಲಿ 46 ಸೋಪು ಕೂತಿವೆ.

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ತಂಗಿ, ಮೂವತ್ತು ವರ್ಷ ಸೋಪು-ಶ್ಯಾಂಪೂ ಕಾರ್ಖಾನೆಗಳಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಈಗ ನಿವೃತ್ತ. ನಿಮ್ಮ ಪ್ರಶ್ನೆಯನ್ನು ಆಗಲೂ ಬೇಕಾದಷ್ಟು ಜನ ಕೇಳುತ್ತಿದ್ದರು.

ಕಾನೂನು ಮೊದಲು ಕೇಳುವುದು 'ಇದನ್ನು ಯಾತಕ್ಕೆ ಅಂತ ಮಾರುತ್ತಿದ್ದೀರಿ' ಅಂತ. ಒಳಗೆ ಏನಿದೆ ಅನ್ನೋದು ಆಮೇಲಿನ ಮಾತು. 1940ರ ಔಷಧ ಮತ್ತು ಕಾಸ್ಮೆಟಿಕ್ ಕಾಯ್ದೆಯಲ್ಲಿ ಎರಡು ವ್ಯಾಖ್ಯೆ ಇದೆ. ಮೈಗೆ ಉಜ್ಜುವ, ಹೊಯ್ಯುವ, ಚಿಮುಕಿಸುವ, ಹಚ್ಚುವ ವಸ್ತು ಶುಚಿ ಮಾಡಲಿಕ್ಕೆ, ಅಂದ ಹೆಚ್ಚಿಸಲಿಕ್ಕೆ, ನೋಟ ಬದಲಿಸಲಿಕ್ಕೆ ಇದ್ದರೆ ಕಾಸ್ಮೆಟಿಕ್. ರೋಗವನ್ನು ವಾಸಿ ಮಾಡಲು, ಕಡಿಮೆ ಮಾಡಲು ಅಥವಾ ಬರದಂತೆ ತಡೆಯಲು ಅಂತ ಇದ್ದರೆ ಔಷಧ. ಹೊರಗಿನಿಂದ ಹಚ್ಚುವುದೂ ಔಷಧವೇ, ಹೊಟ್ಟೆಗೆ ತಗೊಳ್ಳಬೇಕು ಅಂತೇನಿಲ್ಲ.

ನಿಮ್ಮ ಉದ್ದೇಶ ಏನು ಅಂತ ಇಲಾಖೆಗೆ ಹೇಗೆ ಗೊತ್ತಾಗಬೇಕು? ನಿಮ್ಮ ಮನಸ್ಸಿನೊಳಗೆ ಇಣುಕಲು ಆಗಲ್ಲ. ಲೇಬಲ್ ಓದುತ್ತಾರೆ, ಜಾಹೀರಾತು ನೋಡುತ್ತಾರೆ, ವಸ್ತುವಿನ ಹೆಸರು ನೋಡುತ್ತಾರೆ. ನೀವು 'ಕಜ್ಜಿಗೆ ರಾಮಬಾಣ' ಅಂದಾಗ ನೀವೇ ಅದನ್ನು ಔಷಧದ ಸಾಲಿನಲ್ಲಿ ನಿಲ್ಲಿಸಿದಿರಿ. ನಿಮ್ಮ ಗೆಳತಿ ನಿಲ್ಲಿಸಲಿಲ್ಲ.

ಬೇವಿನಮರ, ಡೊಂಬಿವಲಿ

ಧನ್ಯವಾದ ಸರ್. ಹಾಗಾದರೆ ಆ ಸಾಲು ತೆಗೆದರೆ ಲೈಸೆನ್ಸ್ ಬೇಡ, ಅಲ್ವಾ? ಅಮೆರಿಕದವರ ವಿಡಿಯೋಗಳಲ್ಲಿ 'ಬರೀ ಸೋಪು ಅಂತ ಮಾರಿದರೆ ಯಾವ ತಾಪತ್ರಯವೂ ಇಲ್ಲ' ಅಂತ ಹೇಳುತ್ತಾರೆ.

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ಇಲ್ಲೇ ತುಂಬಾ ಜನ ಎಡವುವುದು. ಅಮೆರಿಕದ ಮಾತು ಅಮೆರಿಕಕ್ಕೆ ಸರಿ. ಅಲ್ಲಿ ಎಣ್ಣೆ ಮತ್ತು ಕ್ಷಾರ ಸೇರಿ ಆದ ನಿಜವಾದ ಸೋಪು, ಕೊಳೆ ತೆಗೆಯುವ ಗುಣವೂ ಅದರಿಂದಲೇ ಬಂದಿದ್ದು, ಮಾರುವುದೂ ಬರೀ ಸೋಪು ಅಂತ ಆದರೆ, ಅದು ಅಲ್ಲಿನ ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧ ಇಲಾಖೆಯ ಲೆಕ್ಕದಲ್ಲಿ ಕಾಸ್ಮೆಟಿಕ್ ಅಲ್ಲ. ಗ್ರಾಹಕ ವಸ್ತುಗಳ ಸುರಕ್ಷತೆ ನೋಡುವ ಬೇರೆ ಸಂಸ್ಥೆಯ ಕೈಗೆ ಹೋಗುತ್ತದೆ. ಅದೇ ಸೋಪಿಗೆ 'ಚರ್ಮಕ್ಕೆ ತೇವ ಕೊಡುತ್ತದೆ' ಅಂದರೆ ಕಾಸ್ಮೆಟಿಕ್. 'ಎಕ್ಸಿಮಾ ವಾಸಿ' ಅಂದರೆ ಔಷಧ. ಒಂದೇ ಸೋಪಿಗೆ ಮೂರು ಮೆಟ್ಟಿಲು.

ನಮ್ಮಲ್ಲಿ ಆ ಮೊದಲನೇ ಮೆಟ್ಟಿಲೇ ಇಲ್ಲ. ಹಿಂದೆ ಇತ್ತು. ನಮ್ಮ ಕಾಯ್ದೆಯಲ್ಲೂ ಕಾಸ್ಮೆಟಿಕ್ ವ್ಯಾಖ್ಯೆಯ ಕೊನೆಗೆ 'ಸೋಪು ಇದರಲ್ಲಿ ಸೇರುವುದಿಲ್ಲ' ಅಂತ ಒಂದು ಮಾತಿತ್ತು. 1982ರ ತಿದ್ದುಪಡಿ ಅದನ್ನು ಕಿತ್ತುಹಾಕಿತು, 1983ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಅಂದಿನಿಂದ ಸ್ನಾನದ ಸೋಪು ಕಾಸ್ಮೆಟಿಕ್ಕೇ. ಮಾರಾಟಕ್ಕೆ ಅಂತ ಮಾಡಬೇಕಾದರೆ ಲೈಸೆನ್ಸ್ ಬೇಕು. ಈಗ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಅದರ ಹೆಸರು ಸಿಒಎಸ್-8. ಕೊಡುವುದು ರಾಜ್ಯದ ಎಫ್‌ಡಿಎ. ಮಹಾರಾಷ್ಟ್ರದಲ್ಲೂ ಎಫ್‌ಡಿಎ ಅಂತಲೇ ಕರೆಯುತ್ತಾರೆ, ಅಮೆರಿಕದ್ದರ ಜೊತೆ ಬೆರೆಸಿಕೊಳ್ಳಬೇಡಿ.

ಗುಮಾಸ್ತಾ ಅಂದರೆ ವ್ಯಾಪಾರದ ಜಾಗದ ನೋಂದಣಿ. ಉದ್ಯಮ್ ಅಂದರೆ ಸಣ್ಣ ಉದ್ಯಮ ಅಂತ ಗುರುತು. ಎರಡೂ ಸೋಪು ಮಾಡಲು ಕೊಟ್ಟ ಅನುಮತಿ ಅಲ್ಲ. ಬೇಜಾರಾಗಬೇಡಿ, ನಿಮ್ಮ ಗೆಳತಿಗೂ ಈ ಲೈಸೆನ್ಸ್ ಬೇಕು. ಅವಳು ಔಷಧದ ಸಾಲಿನಿಂದ ತಪ್ಪಿಸಿಕೊಂಡಿದ್ದಾಳೆ, ಅಷ್ಟೇ.

ಕಡಲತಡಿ, ವಾಸ್ಕೊ

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಸೋಪು, ಎಣ್ಣೆ, ಸ್ನಾನದ ಪುಡಿ ಮಾರುತ್ತೇನೆ. ಬೇವಿನ ಎಲೆ ಕುದಿಸಿ ಮಕ್ಕಳಿಗೆ ಮೀಯಿಸುವುದು ನಮ್ಮ ಅಜ್ಜಿಯ ಕಾಲದಿಂದ ಇದೆ. ಸಿಡುಬು ಇಳಿದ ಮೇಲೆ ಬೇವಿನ ನೀರೇ ಹಾಕುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಏನು ತಪ್ಪು? ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆಯನ್ನು ಕಾನೂನೂ ಹಿಡಿದುಕೊಂಡರೆ ನಮ್ಮಂಥವರು ಏನು ಮಾಡಬೇಕು? ದೊಡ್ಡ ಕಂಪನಿಗಳು ಟಿವಿಯಲ್ಲಿ ರೋಗಾಣು ಕೊಲ್ಲುತ್ತೇವೆ ಅಂತ ದಿನಾ ಹೇಳುತ್ತಾವಲ್ಲ.

ಇಬ್ಬರ ಅಮ್ಮ, ಪಿಂಪ್ರಿ

ಕಡಲತಡಿಯವರೇ, ನಾನು ಸೋಪು ಮಾಡುವವಳಲ್ಲ, ಕೊಳ್ಳುವವಳು. ಅದಕ್ಕೇ ಬರೆಯಬೇಕು ಅನಿಸಿತು.

ನನ್ನ ಸಣ್ಣವನಿಗೆ ಎರಡು ವರ್ಷ ಇದ್ದಾಗ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಕೆಂಪಾಗಿ ಒಡೆಯುತ್ತಿತ್ತು. ಒಂದು ಪ್ರದರ್ಶನದಲ್ಲಿ 'ಇಸಬು ಶಾಶ್ವತವಾಗಿ ವಾಸಿ' ಅಂತ ಬರೆದ ಸೋಪು ಸಿಕ್ಕಿತು. ಮಾರುತ್ತಿದ್ದ ಹೆಂಗಸು ತುಂಬಾ ಒಳ್ಳೆಯವರು. ತಮ್ಮ ಮೊಮ್ಮಗಳ ಫೋಟೋ ತೋರಿಸಿದರು. ನಾನು ಡಾಕ್ಟರು ಕೊಟ್ಟ ಮುಲಾಮು ನಿಲ್ಲಿಸಿ ದಿನಕ್ಕೆ ಎರಡು ಸಲ ಅದೇ ಸೋಪು ಹಚ್ಚಿದೆ. ಐದನೇ ದಿನ ಮಗುವಿನ ಅಂಗಿಯ ತೋಳು ಗಾಯಕ್ಕೆ ಅಂಟಿಕೊಂಡು ಬಿಡಲಿಲ್ಲ. ಬೆಚ್ಚಗಿನ ನೀರು ಹಾಕಿ ನೆನೆಸಿ ಬಿಡಿಸಿದೆ. ಅವನು ಅಳುತ್ತಿದ್ದ ರೀತಿ ಈಗಲೂ ಕಿವಿಯಲ್ಲಿದೆ.

ಸೋಪು ಕೆಟ್ಟದ್ದಲ್ಲ ಅಂತ ಡಾಕ್ಟರೇ ಹೇಳಿದರು. ದೊಡ್ಡವರ ಗಟ್ಟಿ ಚರ್ಮಕ್ಕೆ ಸರಿಹೋಗುತ್ತಿತ್ತೇನೋ. ಆದರೆ ಇಸಬಿರುವ ಚರ್ಮಕ್ಕೆ ಅಷ್ಟು ಕ್ಷಾರ ಆಗಿಬರುವುದಿಲ್ಲ ಅಂದರು. ನನಗೆ ಪೆಟ್ಟು ಕೊಟ್ಟದ್ದು ಆ ಒಂದು ಸಾಲು. ಅದು ಇಲ್ಲದಿದ್ದರೆ ನಾನು ಮುಲಾಮು ನಿಲ್ಲಿಸುತ್ತಿರಲಿಲ್ಲ.

ಕಡಲತಡಿ, ವಾಸ್ಕೊ

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮಗು ಈಗ ಹೇಗಿದ್ದಾನೆ? ನನ್ನ ಮಾತು ಹಿಂದೆ ತಗೊಳ್ಳುತ್ತೇನೆ. ಅಜ್ಜಿ ಬೇವಿನ ನೀರು ಹಾಕಿದ್ದು ನಿಜ, ಆದರೆ ಅಜ್ಜಿ ಅದನ್ನು ಚೀಟಿ ಅಂಟಿಸಿ ಗುರುತಿಲ್ಲದವರಿಗೆ ಮಾರಲಿಲ್ಲ.

ಇಬ್ಬರ ಅಮ್ಮ, ಪಿಂಪ್ರಿ

ಚೆನ್ನಾಗಿದ್ದಾನೆ, ಈಗ ಒಂದನೇ ಕ್ಲಾಸು. ಚಳಿಗಾಲದಲ್ಲಿ ಮಾತ್ರ ಸ್ವಲ್ಪ ಬರುತ್ತದೆ.

ಮಾಂಡವಿ ದಡ, ಪಣಜಿ

ನಾನು ಸ್ನಾನದ ಉಪ್ಪು ಮಾಡುವ ಸಣ್ಣ ಘಟಕದಲ್ಲಿ ಲೇಬಲ್ ಬರೆಯುವ ಕೆಲಸ ಮಾಡುತ್ತೇನೆ. ನಮ್ಮಲ್ಲೂ ಇದೇ ಕಥೆ. ಮೊದಲು 'ಮಂಡಿನೋವು, ಬೆನ್ನುನೋವು ನಿವಾರಕ, ನಿದ್ರಾಹೀನತೆಗೆ ಪರಿಹಾರ' ಅಂತ ಇತ್ತು. ತಪಾಸಣೆಗೆ ಬಂದವರು ಡಬ್ಬಿ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟು 'ನೋವು ನಿವಾರಕ ಅಂದರೆ ಔಷಧ, ಔಷಧದ ಲೈಸೆನ್ಸ್ ಎಲ್ಲಿ' ಅಂದರು. ಈಗ 'ದಿನದ ದಣಿವಿನ ನಂತರ ಬಿಸಿನೀರಿನ ಸ್ನಾನಕ್ಕೆ, ಲ್ಯಾವೆಂಡರ್ ಪರಿಮಳ' ಅಂತ ಇದೆ. ಮಾರಾಟ ಕಡಿಮೆ ಆಗಿಲ್ಲ, ನನ್ನಾಣೆ.

ಸುವಾಸನೆಯ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. 'ಒಳ್ಳೆ ವಾಸನೆ ಬರುತ್ತದೆ' ಅನ್ನುವುದು ಕಾಸ್ಮೆಟಿಕ್ ಮಾತು. 'ಈ ವಾಸನೆಯಿಂದ ನಿದ್ದೆ ಬರುತ್ತದೆ' ಅಂದರೆ ಮೈಯ ಕೆಲಸವನ್ನೇ ಬದಲಿಸುತ್ತೇನೆ ಅಂದ ಹಾಗೆ. ಅಮೆರಿಕದ ಎಫ್‌ಡಿಎ ಇಂಥದ್ದನ್ನು ನೇರವಾಗಿ ಔಷಧದ ಮಾತು ಅಂತಲೇ ಹೇಳುತ್ತದೆ. ಅಲ್ಲಿಗೆ ಪಾರ್ಸೆಲ್ ಕಳಿಸುವವರು ನೆನಪಿಡಿ.

ಬೇವಿನಮರ, ಡೊಂಬಿವಲಿ

ಸರ್, ಹಾಗಾದರೆ ನನ್ನ ಲೇಬಲ್ ಅನ್ನು ಒಂದೊಂದೇ ಮಾತು ಹಿಡಿದು ತಿದ್ದಿಕೊಡುತ್ತೀರಾ? ನನಗೆ ಕಲಿಯಬೇಕು.

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ಖುಷಿಯಿಂದ. ಬೆಳಿಗ್ಗೆಯಿಂದ ಇದನ್ನೇ ಯೋಚಿಸುತ್ತಿದ್ದೆ.

'ಔಷಧೀಯ' ಅನ್ನುವುದು ಮೊದಲು ಹೋಗಲಿ. ಒಂದೇ ಪದ ಇಡೀ ಸೋಪನ್ನು ಆ ಕಡೆ ತಳ್ಳುತ್ತದೆ. ಕಜ್ಜಿ, ಹುಳುಕಡ್ಡಿ, ಇಸಬು ಮೂರೂ ರೋಗದ ಹೆಸರು. ರೋಗದ ಹೆಸರು ಲೇಬಲ್ ಮೇಲೆ ಬರಲೇಬಾರದು. 'ವಾಸಿ' ಬದಲು 'ಸಹಾಯಕ' ಅಂತ ಹಾಕಿ ಜಾರಿಕೊಳ್ಳಲು ನೋಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಕಡಿಮೆ ಮಾಡುತ್ತದೆ, ತಡೆಯುತ್ತದೆ ಅನ್ನುವುದೂ ಔಷಧದ ವ್ಯಾಖ್ಯೆಯೊಳಗೇ ಇದೆ ಅಂತ ಮೇಲೆ ಹೇಳಿದೆ. ಮೊಡವೆಯ ಮಾತು ಸ್ವಲ್ಪ ಸೂಕ್ಷ್ಮ. 'ಮೊಡವೆ ಹೋಗುತ್ತದೆ' ಅಂದರೆ ಚಿಕಿತ್ಸೆ. 'ಮುಖದ ಜಿಡ್ಡು, ಕೊಳೆ ತೊಳೆಯುತ್ತದೆ' ಅಂದರೆ ಶುಚಿ. ಸೋಪು ನಿಜಕ್ಕೂ ಮಾಡುವುದು ಎರಡನೆಯದನ್ನೇ.

'ರೋಗಾಣು ಕೊಲ್ಲುತ್ತದೆ.' ಕಡಲತಡಿಯವರು ದೊಡ್ಡ ಕಂಪನಿಗಳ ಮಾತು ಎತ್ತಿದ್ದರು. ಅಂಥ ಮಾತು ಹೇಳುವವರ ಹತ್ತಿರ ಲ್ಯಾಬ್ ಪರೀಕ್ಷೆಯ ಕಾಗದ ಇರಬೇಕು, ಯಾವ ಲೈಸೆನ್ಸ್ ಅಡಿ ಮಾಡಿದ್ದು ಅನ್ನುವುದೂ ಇರಬೇಕು. ನಿಮ್ಮ ಹತ್ತಿರ ಎರಡೂ ಇಲ್ಲ. ಆಮೇಲೆ, ಬೇವಿನ ಎಣ್ಣೆಯ ಬಹುಪಾಲು ಕಾಸ್ಟಿಕ್ ಸೋಡಾ ಅನ್ನುವ ಕ್ಷಾರದ ಜೊತೆ ಸೇರಿ ಸೋಪೇ ಆಗಿಹೋಗಿರುತ್ತದೆ. ಉಳಿದದ್ದು ಚರ್ಮದ ಮೇಲೆ ಅರ್ಧ ನಿಮಿಷ ನಿಂತು ನೀರಿನ ಜೊತೆ ಹರಿದುಹೋಗುತ್ತದೆ.

'ಕೆಮಿಕಲ್ ಇಲ್ಲ' ಅನ್ನುವುದನ್ನು ಓದಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಬೇಕಾದರೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅದನ್ನು ನೀವೇ ತೂಗುತ್ತೀರಿ, ಗ್ಲೌಸು, ಕನ್ನಡಕ ಹಾಕಿಕೊಂಡು ನೀರಿಗೆ ಸುರಿಯುತ್ತೀರಿ, ಪಾತ್ರೆ ಕೈ ಇಡಲಾರದಷ್ಟು ಬಿಸಿಯಾಗುತ್ತದೆ. ಸರಿಯಾಗಿ ಮಾಡಿದ ಸೋಪಿನಲ್ಲಿ ಆ ಕಾಸ್ಟಿಕ್ ಉಳಿದಿರುವುದಿಲ್ಲ, ಅದು ನಿಮ್ಮ ಕೈಚಳಕ. ಅದನ್ನು ಮುಚ್ಚಿಡುವುದು ಯಾಕೆ? ಈ ಮಾತಿನಿಂದ ಸೋಪು ಔಷಧ ಆಗುವುದಿಲ್ಲ, ಆದರೆ ಕೊಳ್ಳುವವರಿಗೆ ಸುಳ್ಳು ತಿಳಿವಳಿಕೆ ಕೊಡುವ ಮಾತು ಕಾಸ್ಮೆಟಿಕ್ ಮೇಲೂ ಇರಬಾರದು ಅಂತ ನಿಯಮ ಇದೆ.

'ಸೈಡ್ ಇಫೆಕ್ಟ್ ಇಲ್ಲ' ಬೇಡ. ಮಾತೇ ಔಷಧದ್ದು. ಕೈಯಲ್ಲಿ ಮಾಡಿದ ಸೋಪಿನ ಪಿಎಚ್ (ಹೆಚ್ಚಿದಷ್ಟೂ ಕ್ಷಾರ ಹೆಚ್ಚು) ಸಾಮಾನ್ಯವಾಗಿ 9ರಿಂದ 10, ಚರ್ಮದ್ದು ಸುಮಾರು 5. ಪಿಂಪ್ರಿಯ ಅಮ್ಮ ಹೇಳಿದ್ದು ಇದರ ಫಲವೇ.

ಬರವಣಿಗೆಯ ಆಚೆಗೂ ನೋಡಿ. ಹಸಿರು ಪ್ಲಸ್ ಗುರುತು, ಮುಂಚೆ-ಆಮೇಲೆ ಅಂತ ಎರಡು ಮುಖದ ಫೋಟೋ, 'ನನ್ನ ಸೋರಿಯಾಸಿಸ್ ಹೋಯ್ತು' ಅಂತ ಗಿರಾಕಿ ಬರೆದದ್ದನ್ನು ನೀವು ಸ್ಟೇಟಸ್‌ಗೆ ಹಾಕಿಕೊಳ್ಳುವುದು, ಇವೆಲ್ಲ ನಿಮ್ಮ ಮಾತೇ ಆಗುತ್ತವೆ. 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಂತ ಇನ್ನೊಂದಿದೆ. ಅದರ ಪಟ್ಟಿಯಲ್ಲಿರುವ ರೋಗಗಳಿಗೆ ಮದ್ದು ಅಂತ ಜಾಹೀರಾತು ಕೊಡುವುದೇ ಅಪರಾಧ. ತೊನ್ನು ಆ ಪಟ್ಟಿಯಲ್ಲಿದೆ. ಅದರಲ್ಲಿ ಜಾಹೀರಾತು ಅಂದರೆ ಏನು ಗೊತ್ತಾ? ಲೇಬಲ್, ಸುತ್ತಿದ ಕಾಗದ, ಸುತ್ತೋಲೆ, ಬಾಯಲ್ಲಿ ಕೂಗಿ ಹೇಳಿದ್ದು, ಬೆಳಕು, ಶಬ್ದ, ಹೊಗೆಯ ಮೂಲಕ ತಿಳಿಸಿದ್ದೂ ಸೇರುತ್ತದೆ.

ಕಡಲತಡಿ, ವಾಸ್ಕೊ

ಬಾಯಲ್ಲಿ ಹೇಳಿದ್ದೂ! ಸಂತೆಯಲ್ಲಿ ನಾನು ದಿನವಿಡೀ ಅದನ್ನೇ ಮಾಡುತ್ತೇನೆ ಸರ್. ಲೇಬಲ್ ಮೇಲೆ ಏನೂ ಇಲ್ಲ, ಎಲ್ಲಾ ಬಾಯಲ್ಲೇ. ನನ್ನ ಎರಡು ಬೋರ್ಡನ್ನೂ ಈ ಶುಕ್ರವಾರದ ಮೊದಲು ಬದಲಿಸುತ್ತೇನೆ.

ಲೆಕ್ಕದ ಪುಸ್ತಕ, ಮುಲುಂಡ್

ನಾನು ಟ್ಯಾಕ್ಸ್ ಕೆಲಸದವನು. ಒಂದು ಎಚ್ಚರಿಕೆ. ತೆರಿಗೆಯ ವಿಂಗಡಣೆ ಬೇರೆ, ಔಷಧ ಕಾಯ್ದೆಯ ವಿಂಗಡಣೆ ಬೇರೆ. ಒಂದನ್ನು ತೋರಿಸಿ ಇನ್ನೊಂದರಲ್ಲಿ ಪಾರಾಗಲು ಆಗಲ್ಲ. 'ಜಿಎಸ್‌ಟಿಯಲ್ಲಿ ಸೋಪು ಅಂತ ಕಟ್ಟುತ್ತಿದ್ದೇನೆ, ಹಾಗಾಗಿ ಔಷಧ ಅಲ್ಲ' ಅಂತ ಗಿರಾಕಿಗಳು ವಾದ ಮಾಡುತ್ತಾರೆ. ತೆರಿಗೆಯ ಪಟ್ಟಿಯಲ್ಲಿ ಔಷಧ ಬೆರೆಸಿದ ಸ್ನಾನದ ಸೋಪಿಗೂ ಸೋಪಿನ ಅಧ್ಯಾಯದಲ್ಲೇ, 3401 ಅನ್ನುವ ಕೋಡ್ ಕೆಳಗೆ, ಜಾಗ ಇದೆ.

ಎಲ್ಲಕ್ಕಿಂತ ಒಳ್ಳೆ ಉದಾಹರಣೆ ಕೊರೊನಾ ಕಾಲದ ಸ್ಯಾನಿಟೈಸರ್. 2020ರಲ್ಲಿ ಗೋವಾದ ಜಿಎಸ್‌ಟಿ ಮುಂಗಡ ತೀರ್ಪಿನ ಪ್ರಾಧಿಕಾರ 'ಇದು ಔಷಧ ಅಲ್ಲ, ಸೋಂಕುನಾಶಕ, ತೆರಿಗೆ ಶೇ. 18' ಅಂದಿತು. ಆದರೆ ಮಾಡುವವರು ಔಷಧ ಕಾಯ್ದೆಯ ಲೈಸೆನ್ಸ್ ತಗೊಂಡೇ ಮಾಡಬೇಕಿತ್ತು. ಕಿರಾಣಿ ಅಂಗಡಿಯವರೂ ಮಾರಲಿ ಅಂತ ಆ ಜುಲೈನಲ್ಲಿ ಕೇಂದ್ರ ಮಾರಾಟದ ಲೈಸೆನ್ಸಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಒಂದೇ ಬಾಟಲಿ, ಎರಡು ಇಲಾಖೆ, ಎರಡು ಉತ್ತರ.

ಕೋರ್ಟುಗಳು ಜನ ಅದನ್ನು ಏನು ಅಂತ ಕೊಳ್ಳುತ್ತಾರೆ ಅನ್ನುವುದನ್ನೂ ನೋಡುತ್ತವೆ. 1995ರಲ್ಲಿ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು, ಎರಡೂ ತೆರಿಗೆಯವೇ. ಕೆಂಪು ಹಲ್ಲುಪುಡಿಯ ಕಂಪನಿ 'ಇದು ಆಯುರ್ವೇದ ಔಷಧ' ಅಂದಿತ್ತು. ಜನ ದಿನಾ ಹಲ್ಲುಜ್ಜಲು ಬಳಸುವ ಪುಡಿ, ಔಷಧ ಅಲ್ಲ ಅಂತ ತೀರ್ಪಾಯಿತು. ಸೆಲ್ಸನ್ ಅನ್ನುವ ತಲೆಹೊಟ್ಟಿನ ಶ್ಯಾಂಪೂ ವಿಷಯದಲ್ಲಿ ತೆರಿಗೆ ಇಲಾಖೆ ಕಾಸ್ಮೆಟಿಕ್ ಅಂದರೆ, ಶೇ. 2.5 ಸೆಲೆನಿಯಂ ಸಲ್ಫೈಡ್ ಅನ್ನುವ ಮದ್ದು ಇರುವ ಅದನ್ನು ಕೋರ್ಟ್ ಔಷಧ ಅಂತ ಒಪ್ಪಿತು. ಅಂದರೆ ಬರೀ ಹೆಸರು ಬದಲಿಸಿದರೆ ಸಾಲದು. ಒಳಗೆ ನಿಜವಾಗಿ ಔಷಧದ ಪ್ರಮಾಣದಲ್ಲಿ ಏನಾದರೂ ಹಾಕಿದ್ದರೆ ಲೇಬಲ್ ಸುಮ್ಮನಿದ್ದರೂ ಬಚಾವಾಗಲ್ಲ.

ದಂಡದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ಹಾಕಬಹುದು.

ಮಾಂಡವಿ ದಡ, ಪಣಜಿ

'ಆಯುರ್ವೇದಿಕ್' ಅಂತ ಹಾಕಿಕೊಳ್ಳಿ, ಆಗ ಏನು ಬೇಕಾದರೂ ಬರೆಯಬಹುದು ಅಂತ ನನಗೆ ಒಬ್ಬರು ಸಲಹೆ ಕೊಟ್ಟಿದ್ದರು. ಅದು ಸರೀನಾ?

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ಅದು ಇನ್ನೂ ಕಷ್ಟದ ದಾರಿ. ಆಯುರ್ವೇದ ಔಷಧವೂ ಅದೇ ಕಾಯ್ದೆಯೊಳಗೆ ಬರುತ್ತದೆ. ಅದಕ್ಕೆ ಬೇರೆ ಲೈಸೆನ್ಸ್, ಬೇರೆ ಕಾರ್ಖಾನೆ ನಿಯಮ. ಬಳಸುವ ಸಾಮಗ್ರಿ ಕಾಯ್ದೆ ಪಟ್ಟಿ ಮಾಡಿದ ಆಯುರ್ವೇದ ಗ್ರಂಥಗಳಲ್ಲಿ ಇರಬೇಕು. ಶ್ರದ್ಧೆಯಿಂದ ಆ ದಾರಿಯಲ್ಲಿ ಹೋಗುವವರು ಹೋಗಲಿ, ಒಳ್ಳೆಯದೇ. ಸುಮ್ನೆ ಪದ ಅಂಟಿಸಿಕೊಳ್ಳುವುದು ಬೇಡ.

ಬೇವಿನಮರ, ಡೊಂಬಿವಲಿ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಇನ್ನೊಂದೇ ಪ್ರಶ್ನೆ. ಸಿಒಎಸ್-8 ನನ್ನ ಅಡುಗೆಮನೆಗೆ ಸಿಗುತ್ತಾ?

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ಇಲ್ಲ ತಂಗಿ. ವಾಸದ ಮನೆಗೆ ಸೇರಿಕೊಂಡ ಜಾಗ ಆಗುವುದಿಲ್ಲ. ಬೇರೆ ಗಾಳೆ, ಅಂದರೆ ಸಣ್ಣ ಕಾರ್ಖಾನೆಯ ಮಳಿಗೆ ನೋಡಬೇಕು. ಇಲ್ಲವೇ ಲೋನ್ ಲೈಸೆನ್ಸ್ ಅಂತ ಇದೆ, ಸಿಒಎಸ್-9. ಈಗಾಗಲೇ ಲೈಸೆನ್ಸ್ ಇರುವ ಘಟಕದಲ್ಲಿ ಅವರ ಜಾಗ, ಸಲಕರಣೆ ಬಳಸಿ ನಿಮ್ಮ ಸೋಪು ಮಾಡುವುದು. ಸಣ್ಣವರಿಗೆ ಇದು ಒಳ್ಳೆಯದು. ತಯಾರಿಕೆ ನೋಡಿಕೊಳ್ಳಲು ಅರ್ಹತೆ ಇರುವವರು ಒಬ್ಬರು ಬೇಕು. ಫಾರ್ಮಸಿ ಡಿಪ್ಲೊಮಾ ಆದವರೇ ಬೇಕು ಅಂತಿಲ್ಲ, ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದ್ದರೂ ನಡೆಯುತ್ತದೆ. ನೀವು ಓದಿದ್ದು ಏನು?

ಬೇವಿನಮರ, ಡೊಂಬಿವಲಿ

ಪಿಯುಸಿ ಸೈನ್ಸ್ ಸರ್! ಶಿರಸಿಯಲ್ಲಿ. ಕೆಮಿಸ್ಟ್ರಿಯಲ್ಲಿ 81 ಬಂದಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಅಂಕಪಟ್ಟಿ ಒಂದು ಸಲವೂ ಕೆಲಸಕ್ಕೆ ಬಂದಿರಲಿಲ್ಲ.

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ತೆಗೆದಿಡಿ. ಝೆರಾಕ್ಸ್ ಮಾಡಿಸಿ ಅರ್ಜಿಯ ಜೊತೆ ಇಡಿ.

ಸದಾಶಿವ ಪೇಠೆಯ ಸೊಸೆ, ಪುಣೆ

ನಡುವೆ ಬಂದೆ, ಕ್ಷಮಿಸಿ. ನಾವು ಸೋಪು ಮಾಡಲ್ಲ. ದೀಪಾವಳಿಗೆ ಉಟಣೆ (ಮೈಗೆ ಉಜ್ಜುವ ಸ್ನಾನದ ಪುಡಿ) ಮಾಡಿ 50 ಗ್ರಾಂ ಪೊಟ್ಟಣ ಮಾರುತ್ತೇವೆ. ಮುಲ್ತಾನಿ ಮಿಟ್ಟಿ, ಕಚೋರ, ಕೊನ್ನಾರಿ ಗೆಡ್ಡೆ, ಒಣಗಿದ ಗುಲಾಬಿ, ಕಿತ್ತಳೆ ಸಿಪ್ಪೆ. ಅಭ್ಯಂಗಕ್ಕೆ ಅಷ್ಟೇ. ನಮಗೂ ಇದೆಲ್ಲ ಅನ್ವಯಿಸುತ್ತಾ?

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ಹೌದಮ್ಮ. ಮೈಗೆ ಉಜ್ಜುವ ವಸ್ತು, ಶುಚಿಗೆ, ಅಂದಕ್ಕೆ. ವ್ಯಾಖ್ಯೆಯ ಮೊದಲ ಸಾಲಿನಲ್ಲೇ ಬರುತ್ತೀರಿ. ಮನೆಮಂದಿಗೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ, ಮಾರುವುದಾದರೆ ಬೇಕು. ಪೊಟ್ಟಣದ ಮೇಲೆ 'ಚರ್ಮರೋಗ ನಿವಾರಕ' ಅಂತ ಇದ್ದರೆ ಇವತ್ತೇ ತೆಗೆಯಿರಿ.

ಸದಾಶಿವ ಪೇಠೆಯ ಸೊಸೆ, ಪುಣೆ

ಇದೆ ಸರ್. ಅತ್ತೆಯವರ ಕಾಲದಿಂದ ಇದೆ. ಅವರ ಜೊತೆ ಕೂತು ಮಾತಾಡುತ್ತೇನೆ.

ಬೇವಿನಮರ, ಡೊಂಬಿವಲಿ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಅಂಬರನಾಥದಲ್ಲಿ ಲೈಸೆನ್ಸ್ ಇರುವ ಒಂದು ಘಟಕದವರು ಲೋನ್ ಲೈಸೆನ್ಸಿಗೆ ಒಪ್ಪಿದ್ದಾರೆ. ಅರ್ಜಿಯ ಕಾಗದ ಜೋಡಿಸುತ್ತಿದ್ದೇನೆ. ಅಲ್ಲಿಯವರೆಗೆ ಮಾರಾಟ ನಿಲ್ಲಿಸಿದ್ದೇನೆ, ಗೆಳತಿಗೂ ಹೇಳಿದ್ದೇನೆ. ಮೊದಲು ಸಿಟ್ಟಾದಳು, ನಿನ್ನೆ ಅವಳೇ ಘಟಕದ ನಂಬರು ಕೇಳಿದಳು.

ಹೊಸ ಲೇಬಲ್ ಹೀಗಿದೆ, ಸರ್ ನೋಡಿ ಹೇಳಿ: 'ಬೇವಿನ ಎಣ್ಣೆ ಮತ್ತು ಅರಿಶಿನ ಸೇರಿಸಿದ ಸ್ನಾನದ ಸೋಪು. ಕೈಯಲ್ಲಿ ಮಾಡಿ ಆರು ವಾರ ಒಣಗಿಸಿದ್ದು. ಜಿಡ್ಡು ಮತ್ತು ಕೊಳೆ ತೊಳೆಯುತ್ತದೆ. ಕಣ್ಣಿಗೆ ತಾಗಿಸಬೇಡಿ. ಉರಿ ಅಥವಾ ತುರಿಕೆ ಕಂಡರೆ ಬಳಸುವುದನ್ನು ನಿಲ್ಲಿಸಿ.' ಕೆಳಗೆ ಸಾಮಗ್ರಿಗಳ ಪಟ್ಟಿ, ತೂಕ, ವಿಳಾಸ, ಲೈಸೆನ್ಸ್ ನಂಬರಿಗೆ ಜಾಗ, ಬಳಸಬೇಕಾದ ಕೊನೆಯ ದಿನಾಂಕ.

46 ಸೋಪಿನ ಹಳೇ ಚೀಟಿ ನಿನ್ನೆ ರಾತ್ರಿ ಕಿತ್ತೆ. ಅಂಟು ಬಲವಾಗಿತ್ತು, ಚಮಚದ ತುದಿಯಿಂದ ಕೆರೆದೆ. ಆ ಸೋಪುಗಳನ್ನು ಮಾರುವುದಿಲ್ಲ, ಮನೆಗೆ ಆಯಿತು. ಬ್ಯಾಚ್ ನಂಬರ್ ಎಲ್ಲಿ ಹಾಕಬೇಕು?

ಹಳೇ ಕೆಮಿಸ್ಟ್, ಕೊತ್ರೂಡ್, ಪುಣೆ

ಲೇಬಲ್ ಚೆನ್ನಾಗಿದೆ. ಸೋಪಿಗೆ ಬ್ಯಾಚ್ ನಂಬರ್ ಬದಲು ತಯಾರಿಸಿದ ತಿಂಗಳು, ವರ್ಷ ಹಾಕಿದರೆ ಸಾಕು. ಬೆಲೆಯ ಪಕ್ಕದಲ್ಲಿ ಹಾಕಿ, ಓದಲು ಸುಲಭ.